ಏಳನೇ ಹಂಡೆ

ಚೀಟಿಯನ್ನು ಗಂಜಿಯಲ್ಲಿ ಅಂಟಿಸಬೇಡ ಅಂತ ವಲೇರಿಯನ್ ಹೇಳಿದ್ದ.
ಗೋಂದಿಗೆ ದುಡ್ಡು ಯಾಕೆ ಅಂತ ನಾನು.
ಈಗ ಹೊಯಿಗೆ ಬಜಾರಿನ ಹಳೇ ಹಂಚಿನ ಕಾರ್ಖಾನೆಯ
ಮೂಲೆ ಶೆಡ್ಡಿನಲ್ಲಿ ಜಿರಳೆಗಳು
ನಂಬರು ತಿಂದಿವೆ, ತಾರೀಕು ತಿಂದಿವೆ,
ಒಂದೆರಡು ಕಡೆ ಅಬಕಾರಿಯವರ ನೇರಳೆ ಮೊಹರು ಮಾತ್ರ
ಉಳಿದಿದೆ. ಜಿರಳೆಗೂ
ಸರಕಾರದ ಭಯ ಇರಬೇಕು.

ನಲವತ್ತೊಂದು ಬಾಟಲಿ. ಎಲ್ಲ ಒಂದೇ ಕಂದು,
ಎಲ್ಲಕ್ಕೂ ಒಂದೇ ಕತ್ತು.
ಒಳಗೆ ಹುರಿದ ಕುಚ್ಚಲಕ್ಕಿ, ಓಲೆಬೆಲ್ಲ, ಕಪ್ಪು ಬಿಯರು;
ಎರಡು ಗ್ಲಾಸು ಇಳಿದರೆ
ನೇತ್ರಾವತಿಯ ಎರಡು ಸೇತುವೆ ನಾಲ್ಕಾಗುತ್ತವೆ.
ಆರನೇ ಹಂಡೆಯದು ಯಾವುದು ಇದರಲ್ಲಿ,
ಏಳನೇದು ಯಾವುದು, ಎಂಟನೇದು?

ಒಂದು ತೆರೆದೆ. ಮುಚ್ಚಳ ಬಿಚ್ಚಿದ ಸದ್ದು ಗಿಡ್ಡ,
ಉಬ್ಬಸದವನ ಉಸಿರು.
ನೊರೆ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.
ನಾಲಿಗೆಯ ಬದಿಗೆ ತೆಳ್ಳಗೆ ಉಪ್ಪು.
ಓ, ಎಂಟು.
ಏಪ್ರಿಲ್ ಕೊನೆ. ಹೊಳೆಯಲ್ಲಿ ನೀರಿಳಿದು
ಕಡಲು ಒಳಗೊಳಗೇ ಬಂದು
ನಮ್ಮ ಬಾವಿಗೂ ಕೈ ಹಾಕಿತ್ತು.
ಟ್ಯಾಂಕರು ತರಿಸು ಎನ್ನುವವನು ಇರಲಿಲ್ಲ.
ನಾನೊಬ್ಬನೇ ಕುದಿಸಿದ್ದು.

ಎರಡನೆಯ ಬಾಟಲಿಯೂ ಎಂಟು. ಮೂರನೆಯದೂ.
ಹೀಗೆ ತೆರೆಯುತ್ತ ಹೋದರೆ
ಮಾರಲು ಎಂತದೂ ಉಳಿಯುವುದಿಲ್ಲ.

ಬೀಡಿಯ ಕಟ್ಟು ಬ್ರಾಂಚಿಗೆ ಕೊಟ್ಟು ಬರುತ್ತಿದ್ದ ವಾರಿಜಕ್ಕ
ಬಾಗಿಲಲ್ಲಿ ನಿಂತಳು. "ಎಂತ ಮಾರಾಯ, ಹಗಲಿಗೇ?"
ಹೇಳಿದೆ.
ಅವಳು ಕುಡಿಯುವವಳಲ್ಲ. ಹೊಗೆಸೊಪ್ಪನ್ನು ಬೆರಳಲ್ಲಿ ಉಜ್ಜಿ
ಇದು ಹಳೇ ಮೂಟೆ, ಇದು ಹೊಸತು ಎನ್ನುವವಳು.
ಬಾಟಲಿ ಎತ್ತಿ, ಮುಚ್ಚಳದ ಸುತ್ತ ಹೆಬ್ಬೆರಳು ಸವರಿ
ಎಡಕ್ಕಿಟ್ಟಳು. ಇನ್ನೊಂದು ಬಲಕ್ಕೆ.
"ಇದು ನೀನು ಒತ್ತಿದ್ದು, ಒಂದು ಬದಿ ಸೊಟ್ಟ.
ಇದು ನಿನ್ನ ಪೊರ್ಬು, ಸುತ್ತಲೂ ಸಮ."

ಎಂಟು ಪೂರ್ತಿ ನನ್ನ ಸೊಟ್ಟ ಕೈ.
ಆರು ಪೂರ್ತಿ ಅವನದು.
ಏಳರಲ್ಲಿ ಎರಡೂ ಉಂಟು.

ಅವನ ಕಡೆಯದೊಂದು ತೆರೆದೆ.
ಎದ್ದು ಹೋಗಲು ಮನಸ್ಸಿಲ್ಲದ ನೆಂಟನಂತೆ
ನೊರೆ ಕೂತೇ ಇತ್ತು.
ಆರು. ಮೊಂತಿ ಫೆಸ್ತಿನ ವಾರ.
ಅವನಮ್ಮ ನೀರುದೋಸೆಯ ಕಾವಲಿಯಲ್ಲಿ
ನಮಗೆ ಅಕ್ಕಿ ಹುರಿದುಕೊಟ್ಟು, ಆಮೇಲೆ ತಿಂಗಳಿಡೀ
ದೋಸೆ ಎದ್ದು ಬರುವುದಿಲ್ಲವೆಂದು ಇಬ್ಬರಿಗೂ ಬೈದಿದ್ದರು,
ಕೊಂಕಣಿಯಲ್ಲಿ ಅವನಿಗೆ, ಕನ್ನಡದಲ್ಲಿ ನನಗೆ.

ಮತ್ತೊಂದು.
ಕಹಿ. ಕಿರಾತಕಡ್ಡಿಯ ಕಹಿ,
ಗಂಟಲಿನ ಹಿಂದೆ ಹೋಗಿ
ಒಳಗಿಂದ ಚಿಲಕ ಹಾಕಿಕೊಳ್ಳುವಂಥದು.
ಆ ವಾರ ನಾವು ಮಾತು ಬಿಟ್ಟಿದ್ದೆವು.
ಶೆಡ್ಡಿನ ಬಾಡಿಗೆಯ ವಿಷಯ; ಇರಲಿ.
ಹಂಡೆ ಕುದಿಯುತ್ತಿತ್ತು. ಹೊತ್ತು ನೋಡಿ
ನಾನು ಹಾಪ್ಸ್ ಹಾಕಿದೆ, ಅವನಿಗೆ ಹೇಳಲಿಲ್ಲ.
ಹೊತ್ತು ಮೀರಿತೆಂದು
ಅವನೂ ಹಾಕಿದ, ನನಗೆ ಹೇಳಲಿಲ್ಲ.
ಕೈ ತೊಳೆದದ್ದು ಇಬ್ಬರೂ ಒಂದೇ ನಲ್ಲಿಯಲ್ಲಿ.

ಸಂಜೆಗೆ ಮೂರು ಸಾಲು ನಿಂತವು.
ಒಂದು ಬಾಟಲಿ ಮಾತ್ರ ವಾರಿಜಕ್ಕನ ಹೆಬ್ಬೆರಳಿಗೆ ಸಿಗಲಿಲ್ಲ.
ತಿರುಗಿಸಿದಳು, ಮತ್ತೆ ತಿರುಗಿಸಿದಳು.
"ಇದು ನಿಮ್ಮಿಬ್ಬರದ್ದೂ ಅಲ್ಲ ಕಾಣ್ತದೆ" ಎಂದು ನನ್ನ ಕೈಗಿಟ್ಟು
ಎಲೆ ನೆನೆಸಲಿಕ್ಕುಂಟು ಅಂತ ಹೋದಳು.

ಕಂಕನಾಡಿಯಲ್ಲಿ ವಲೇರಿಯನ್ ಈಗ
ಇನ್ವರ್ಟರ್ ಬ್ಯಾಟರಿ ಮಾರುತ್ತಾನೆ.
ಚೀಲದಿಂದ ತೆಗೆದು ಕೌಂಟರಿನ ಮೇಲಿಟ್ಟೆ.
ಹೇಗಿದ್ದೀ ಅಂತ ಅವನೂ ಕೇಳಲಿಲ್ಲ, ನಾನೂ.
ಸ್ಪಾನರಿನಲ್ಲಿ ಮುಚ್ಚಳ ಎಬ್ಬಿಸಿ
ಸ್ಟೀಲು ಲೋಟಕ್ಕೆ ಓರೆಯಾಗಿ ಸುರಿದ,
ಮೂಗು ಹಾಕಿದ, ಒಂದು ಗುಟುಕು ಬಾಯಲ್ಲೇ ಇಟ್ಟುಕೊಂಡು
ಮೇಲೆ ಫ್ಯಾನು ನೋಡಿದ.

"ಒಂಬತ್ತು" ಅಂದ.

ನಾವು ಮಾಡಿದ್ದು ಎಂಟೇ ಹಂಡೆ.
ಅಷ್ಟರಲ್ಲಿ ಯಾರೋ ಬಂದು ಡಿಸ್ಟಿಲ್ಡ್ ವಾಟರ್ ಉಂಟಾ ಕೇಳಿದರು.
ಅವನು ಎದ್ದ,
ಲೋಟವನ್ನು ನನ್ನ ಕಡೆ ಸರಿಸಿ.